ಸೊನ್ನೆ ಟಿಕೆಟ್

ಗಣಂಗೂರಿನ ಮುದುಕಿ ಮೆಷಿನ್ನಿಂದ ಬಂದ ಚೀಟಿಯನ್ನು
ಎರಡು ಬೆರಳಲ್ಲಿ ಹಿಡಿದು, ದೂರ ಇಟ್ಟು ನೋಡುತ್ತಾಳೆ.
‘ಸೊನ್ನೆ ಅಂತ ಬರ್ದದಲ್ಲ ಮಗ,
ಇದ್ಯಾಕೆ ನಂಗೆ?’
‘ಇಟ್ಕೊ ಅಜ್ಜಿ, ಇಳಿಯೋಗಂಟ.
ಚೆಕಿಂಗ್ ಬತ್ತದೆ.’
ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾಳೆ,
ಎಲೆ ಅಡಿಕೆಯ ಜೊತೆ.

ನನ್ನದೂ ಒಮ್ಮೆ ಸೊನ್ನೆಗೆ ಬಂದಿತ್ತು,
ತೊಂಬತ್ತನಾಲ್ಕರಿಂದ.

ನಾದಿನಿ ಮದುವೆಯ ಬೀಗರೂಟ, ಮದ್ದೂರಿನ ಆಚೆ.
ಮುದ್ದೆ ಮುರಿದಿದ್ದೆ, ಬೋಟಿ ಗೊಜ್ಜು ಎರಡನೇ ಸಲ ಹಾಕಿಸಿಕೊಂಡಿದ್ದೆ,
ಕೈ ತೊಳೆದು ನೆಟ್ಟಗೆ ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು.
ಛತ್ರದ ಹಿಂದೆ ಹುಣಸೆಮರದಡಿ
ಯಾರದೋ ಕಾರಿನ ಡಿಕ್ಕಿ ತೆರೆದಿತ್ತು.
‘ಬಾ ಬಾವ, ಒಂದಕ್ಕೆ ಏನಾಯ್ತದೆ?’
ಅವನ ತಪ್ಪಿಲ್ಲ. ಅವನು ಕರೆಯುವ ಮೊದಲೇ
ನನ್ನ ಚಪ್ಪಲಿ ಆ ಕಡೆಗೆ ತಿರುಗಿದ್ದವು.

ನಿಜ ಹೇಳಬೇಕೆಂದರೆ, ಅದಕ್ಕೂ ಮೊದಲೇ.
ಎರಡು ಮಂಗಳವಾರ ಮೀಟಿಂಗಿಗೆ ಹೋಗಿರಲಿಲ್ಲ,
ಡಬಲ್ ಡ್ಯೂಟಿ ಅಂದಿದ್ದೆ.
ರಾತ್ರಿ ನಿದ್ದೆಯಿಲ್ಲದೆ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದೆ,
ಮೂರೇ ಇದ್ದವು, ಮತ್ತೆ ಮತ್ತೆ ಎಣಿಸುತ್ತಿದ್ದೆ,
ಯಾರಿಗೂ ಹೇಳಿರಲಿಲ್ಲ.
ಗ್ಲಾಸು ಕೈಗೆ ಬರುವ ಹತ್ತು ದಿನ ಮೊದಲೇ
ನಾನು ಕುಡಿಯಲು ಶುರು ಮಾಡಿದ್ದೆ.

ಆಮೇಲಿನ ಹನ್ನೊಂದು ದಿನ ನನಗೆ ನೆನಪಿಲ್ಲ.
ಸಾವಿತ್ರಗೆ ನೆನಪಿದೆ.

ಮೈಸೂರು, ಬನ್ನಿಮಂಟಪದ ಹತ್ತಿರ ಒಂದು ಶಾಲೆ, ಅದರ ಹಿಂದಿನ ಕೋಣೆ.
ಮಕ್ಕಳ ಬೆಂಚು. ಮೊಣಕಾಲು ಎಲ್ಲಿಡುವುದೆಂದೇ ತಿಳಿಯದು.
ಗೋಡೆಯ ಮೇಲೆ ಹದಿನಾರರ ಮಗ್ಗಿ.
‘ಎಷ್ಟು ದಿನ?’
‘ಸೊನ್ನೆ’ ಅಂದೆ.
ದಯಾನಂದಪ್ಪ, ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು,
ಸ್ಟೀಲ್ ಲೋಟದ ಟೀ ನನ್ನ ಕಡೆ ತಳ್ಳಿ
‘ಊಟ ಆಯ್ತಾ?’ ಅಂದರು.
ಯಾಕೆ ಕುಡಿದೆ ಅನ್ನಲಿಲ್ಲ.
ಅದೊಂದಕ್ಕೇ ಉತ್ತರ ಕಟ್ಟಿಕೊಂಡು ಹೋಗಿದ್ದೆ,
ಬಸ್ಸಿನುದ್ದಕ್ಕೂ, ಸಿದ್ದಲಿಂಗಪುರದವರೆಗೂ.
‘ಮೊಳೆ ಚೆಲ್ಲಿದ್ರೆ ಸಾಲು ಹೋಗ್ತದೆ, ಅಕ್ಷರ ಹೋಗಲ್ಲ.
ಬಗ್ಗಿ ಆರಿಸ್ಕೊಬೇಕು. ಬೆನ್ನು ನೋಯ್ತದೆ, ಅಷ್ಟೆ.’

ಈಗ ರಾತ್ರಿ ಒಂಬತ್ತೂ ಮುಕ್ಕಾಲಿಗೆ
ಮಂಡ್ಯದಲ್ಲಿ ಕಲೆಕ್ಷನ್ ಕಟ್ಟಿ ಹೊರಬರುತ್ತೇನೆ.
ಎದುರಿನ ಅಂಗಡಿಯ ಟ್ಯೂಬ್‌ಲೈಟು ಹೆಸರು ಹಿಡಿದು ಕೂಗುವುದಿಲ್ಲ,
ಸುಮ್ಮನೆ ಉರಿಯುತ್ತದೆ. ಅಷ್ಟು ಸಾಕು.
ಹಿಂದಿನ ಗೇಟು, ಪಂಕ್ಚರ್ ಶೆಡ್ಡು, ಮೋರಿಯ ಕಲ್ಲುಚಪ್ಪಡಿ:
ಇನ್ನೂರ ಹತ್ತು ಹೆಜ್ಜೆ ಹೆಚ್ಚು.
ಡ್ರೈವರ್ ಇಮ್ತಿಯಾಜನ ಮನೆ ಆ ಕಡೆ ಅಲ್ಲವೇ ಅಲ್ಲ.
ಆದರೂ ಬರುತ್ತಾನೆ, ಗೇರ್‌ಬಾಕ್ಸನ್ನು ಬೈಯುತ್ತ,
ಕಡಲೆಕಾಯಿ ಸುಲಿದು ನನ್ನ ಅಂಗೈಗೆ ಸುರಿಯುತ್ತ.
ಕೈ ಖಾಲಿ ಇರಬಾರದು ಅಂತಲೋ ಏನೋ.
ನಾನು ಕೇಳಿಲ್ಲ.

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬರೆದುಕೊಡುವುದು ನಮ್ಮ ರೂಢಿ.
ಕೇಳದೆ ಇಳಿದು ಹೋದವರನ್ನು ಕೂಗಿ ಕರೆದಿದ್ದೇನೆ.
ಕೆಲವು ಸಲ ಕರೆದಿಲ್ಲ.
ಸಾವಿತ್ರಳ ಓಲೆ ಇನ್ನೂ ಅಡವಿನಲ್ಲಿದೆ,
ಕಿವಿಯ ತೂತಿಗೆ ಬೇವಿನ ಕಡ್ಡಿ.
ಅವಳು ಬಾಕಿ ಕೇಳುವುದಿಲ್ಲ.
ಇಳಿದೂ ಹೋಗಿಲ್ಲ.

ಇವತ್ತಿನ ಲೆಕ್ಕ ನಾನು ಹೇಳುವುದಿಲ್ಲ.
ಹೇಳಿದರೆ ಅದರ ಮೇಲೆ ಕಾಲು ಚಾಚಿ ಕೂತುಬಿಡುತ್ತೇನೆ.
ಬೆಳಿಗ್ಗೆ ಎದ್ದಾಗ ಒಂದು ಟಿಕೆಟ್,
ಬೆಲೆ ಸೊನ್ನೆ, ಎಲ್ಲಿಂದ, ಎಲ್ಲಿಗೆ;
ಇವತ್ತಿಗೆ ಮಾತ್ರ.

ಮನೆ ಬಾಗಿಲು ತೆಗೆಯುವುದು ಇಂಚರ,
ಎಂಟನೇ ಕ್ಲಾಸು, ಕೈಯಲ್ಲಿ ಕಂಪಾಸು.
ತೆಗೆದವಳು ಪಕ್ಕಕ್ಕೆ ಸರಿಯುವುದಿಲ್ಲ,
ಒಂದು ಗಳಿಗೆ ಹಾಗೇ ನಿಲ್ಲುತ್ತಾಳೆ,
ಮೂಗಿನ ಹೊಳ್ಳೆ ಸ್ವಲ್ಪ ಅರಳುತ್ತದೆ.
ಅವಳಿಗೆ ಅದು ಗೊತ್ತಿಲ್ಲ.

ಬೈಯಬೇಕು ಅನಿಸುತ್ತಿತ್ತು ಮೊದಮೊದಲು.
ಈಗ ನಾನೂ ಹೊಸಲಿನಾಚೆಯೇ ನಿಲ್ಲುತ್ತೇನೆ,
ಚೀಲ ಇಳಿಸಿ,
ಕಡಲೆಕಾಯಿಯ ವಾಸನೆಯ ಉಸಿರನ್ನು
ನಿಧಾನವಾಗಿ, ಪೂರ್ತಿ, ಅವಳ ಕಡೆಗೆ ಬಿಟ್ಟು
ಕಾಯುತ್ತೇನೆ.